ಅಂತರ್ಯುದ್ಧದಲ್ಲಿ ಒಂದು ಊರು ಉರಿಯುತ್ತೆ, ಪಕ್ಕದ್ದು ಉಳಿಯುತ್ತೆ: ಯಾಕೆ?

ಸ್ವಾತಿ, ಕೊಥ್ರೂಡ್ (ಪುಣೆ)

ಎಂ.ಎ. ಪ್ರಬಂಧಕ್ಕೆ ನೇಪಾಳದ ಮಾವೋವಾದಿ ಯುದ್ಧ (1996–2006) ತಗೊಂಡಿದೀನಿ. ಆಗಿನ 75 ಜಿಲ್ಲೆಗಳ ನಕ್ಷೆ ಮೇಲೆ ಸಾವುಗಳನ್ನು ಹಾಕಿದರೆ ರೋಲ್ಪಾ, ರುಕುಂ ಕೆಂಪಾಗೋದು ಸರಿ, ಯುದ್ಧ ಶುರುವಾಗಿದ್ದೇ ಆ ಕಡೆ. ಆದರೆ "ಗುಡ್ಡ, ಕಾಡು, ಬಡತನ" ಅಂತ ಮೂರು ಕಾರಣ ಬರೆದು ಮುಗಿಸೋಕೆ ಹೋದರೆ ಎರಡು ಕಡೆ ಸಿಕ್ಕಿಹಾಕ್ಕೊಳ್ತಿದೀನಿ. ಮನಂಗ್, ಮುಸ್ತಾಂಗ್ ಅಷ್ಟೆತ್ತರದ ಬೆಟ್ಟದ ಜಿಲ್ಲೆಗಳು, ನಕ್ಷೆಯಲ್ಲಿ ಹೆಚ್ಚುಕಡಿಮೆ ಬಿಳಿ. ಬರ್ದಿಯಾ ತರಾಯಿಯ ಸಪಾಟು ನೆಲ, ನಾಪತ್ತೆ ಪ್ರಕರಣ ಮಾತ್ರ ದೇಶದಲ್ಲೇ ಹೆಚ್ಚು. ಇದನ್ನು ಹೇಗೆ ಓದಬೇಕು? ಗೊತ್ತಿರೋರು ಹೇಳಿ.

ವಿ.ಕೆ. ರಾವ್, ಮುಲುಂಡ್ (ಮುಂಬಯಿ)

ಸ್ವಾತಿ, ಇಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಬಂಡಾಯ ಎಲ್ಲಿ ಬೇರೂರಿ ಉಳಿಯುತ್ತದೆ ಎಂಬುದಕ್ಕೆ ಬೆಟ್ಟ-ಕಾಡು ಒಳ್ಳೆಯ ಉತ್ತರ. ಜನ ಎಲ್ಲಿ ಸಾಯುತ್ತಾರೆ ಎಂಬುದಕ್ಕೆ ಅದು ಅರೆಬರೆ ಉತ್ತರ. ಸಾವಿನ ವಿಷಯದಲ್ಲಿ ಮೊದಲು ಕೇಳಬೇಕಾದದ್ದು, ಆ ಊರು ಆ ತಿಂಗಳಲ್ಲಿ ಯಾರ ಹಿಡಿತದಲ್ಲಿತ್ತು, ಎಷ್ಟರ ಮಟ್ಟಿಗೆ ಎಂದು.

ಗ್ರೀಸಿನ ಆರ್ಗೋಲಿಡ್ ಪ್ರದೇಶದ 1943–44ರ ಹಳ್ಳಿವಾರು ಕೊಲೆಗಳನ್ನು ಇಟ್ಟುಕೊಂಡು ಸ್ಟಾಥಿಸ್ ಕಾಲಿವಾಸ್ 2006ರಲ್ಲಿ ಮಂಡಿಸಿದ ವಾದ ಇಂದಿಗೂ ಈ ಚರ್ಚೆಯ ನಡುಗಂಬ. ಊರುಗಳನ್ನು ಐದು ವಲಯ ಮಾಡಿ. ಒಂದು, ಸರ್ಕಾರದ ಪೂರ್ಣ ಹಿಡಿತ. ಎರಡು, ಸರ್ಕಾರದ ಕೈ ಮೇಲು, ಆದರೆ ರಾತ್ರಿ ಬಂಡುಕೋರರು ಬಂದು ಹೋಗುತ್ತಾರೆ. ಮೂರು, ಸಮಬಲ. ನಾಲ್ಕು, ಬಂಡುಕೋರರ ಕೈ ಮೇಲು. ಐದು, ಅವರದೇ ಪೂರ್ಣ ಹಿಡಿತ. ಹೆಸರು ಹಿಡಿದು, ಮನೆ ಹುಡುಕಿ ಕೊಲ್ಲುವ ಹಿಂಸೆ ಹೆಚ್ಚಾಗುವುದು ಎರಡು ಮತ್ತು ನಾಲ್ಕರಲ್ಲಿ.

ಕಾರಣ ಮಾಹಿತಿ. ಇಂಥವನು ಆ ಕಡೆಯವನು ಎಂದು ಹೇಳಲು ಊರಿನವನೊಬ್ಬ ಬೇಕು, ಹೇಳಿದ ಮೇಲೆ ತಾನು ಬದುಕುತ್ತೇನೆ ಎಂಬ ಧೈರ್ಯ ಅವನಿಗಿರಬೇಕು. ಪೂರ್ಣ ಹಿಡಿತದ ಊರಿನಲ್ಲಿ ಚಾಡಿಗೆ ವಸ್ತುವೇ ಇಲ್ಲ, ವಿರೋಧಿಗಳು ಆಗಲೇ ಓಡಿಹೋಗಿದ್ದಾರೆ ಅಥವಾ ಬಾಯಿ ಮುಚ್ಚಿಕೊಂಡಿದ್ದಾರೆ. ಸಮಬಲದ ಊರಿನಲ್ಲಿ ಇವತ್ತು ಹೇಳಿದವನನ್ನು ನಾಳೆ ಇನ್ನೊಬ್ಬರು ಮುಗಿಸುತ್ತಾರೆ, ಹಾಗಾಗಿ ಯಾರೂ ಹೇಳುವುದಿಲ್ಲ. ಐದರಲ್ಲಿ ಸರ್ಕಾರಕ್ಕೆ ಹೇಳುವವರೇ ಇಲ್ಲ, ಹಾಗಾಗಿ ಅಲ್ಲಿಗೆ ಬಾಂಬು, ಶೆಲ್ಲು, ಊರು ಸುಡುವುದು.

ಈ ಕಣ್ಣಿನಿಂದ ನಿಮ್ಮ ಬರ್ದಿಯಾ ನೋಡಿ. ಹೆದ್ದಾರಿ ಇದೆ, ಸೇನಾ ಬ್ಯಾರಕ್ ಇದೆ, ಥಾರು ಸಮುದಾಯದೊಳಗೆ ಮಾವೋವಾದಿ ಸಂಘಟನೆಯೂ ಇದೆ, ಜಮೀನ್ದಾರರಿಗೂ ಥಾರುಗಳಿಗೂ ಹಳೆಯ ಭೂವ್ಯಾಜ್ಯವೂ ಇದೆ. ಪಟ್ಟಿ ಬರೆಸುವವರು ಇದ್ದರು, ಪಟ್ಟಿ ಹಿಡಿದು ಮನೆಗೆ ಹೋಗಲು ರಸ್ತೆಯೂ ಇತ್ತು. ಅಲ್ಲಿನ ಬಹುಪಾಲು ನಾಪತ್ತೆಗಳು 2001ರ ನವೆಂಬರ್‌ನಲ್ಲಿ ತುರ್ತುಪರಿಸ್ಥಿತಿ ಘೋಷಿಸಿ ಸೇನೆ ಇಳಿಸಿದ ಮೇಲಿನ ತಿಂಗಳುಗಳವು.

ರೇಖಾ, ಔಂಧ್ (ಪುಣೆ)

ರಾವ್ ಸರ್ ಹೇಳಿದ್ದಕ್ಕೆ ಹೋಗೋ ಮುಂಚೆ ಒಂದು ಹೆಜ್ಜೆ ಇದೆ. ನಕ್ಷೆ ಮೇಲಿನ ಚುಕ್ಕಿ ಸಾವಿನ ಜಾಗವೋ, ವರದಿ ಬಂದ ಜಾಗವೋ? ಅದನ್ನು ಮೊದಲು ನೋಡು, ಸ್ವಾತಿ.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯ ಜಗತ್ತಿನ ಸಂಘರ್ಷಗಳ ಬಗ್ಗೆ ಇಟ್ಟಿರೋ ಯುಸಿಡಿಪಿ ಘಟನಾ ಡೇಟಾದಲ್ಲಿ (1989ರಿಂದ) ಕನಿಷ್ಠ ಒಂದು ಸಾವು ಇದ್ದರೆ ಮಾತ್ರ ಒಂದು ಸಾಲು. ಆ ಸಂಘರ್ಷ ಯಾವುದಾದರೂ ಒಂದು ವರ್ಷದಲ್ಲಿ 25 ಸಾವು ಮುಟ್ಟಿರಬೇಕು. ನಾಪತ್ತೆಯಾದವರು, ಹೊಡೆತ ತಿಂದವರು, ಊರು ಬಿಟ್ಟವರು ಇದರಲ್ಲಿ ಕಾಣಲ್ಲ. ಹಾಗಾಗಿ ಬರ್ದಿಯಾಗೆ ಈ ಡೇಟಾ ಒಂದೇ ಸಾಲದು, ನೇಪಾಳದ ಮಾನವ ಹಕ್ಕು ಸಂಸ್ಥೆ ಇನ್ಸೆಕ್‌ನ ಜಿಲ್ಲಾವಾರು ದಾಖಲೆ ಪಕ್ಕಕ್ಕಿಟ್ಕೋ.

ಪ್ರತಿ ಸಾಲಿಗೂ ಜಾಗದ ನಿಖರತೆಯ ಅಂಕಿ ಇರುತ್ತೆ. 1 ಅಂದರೆ ಊರೇ ಗೊತ್ತು. 2 ಅಂದರೆ ಗೊತ್ತಿರೋ ಒಂದು ಜಾಗದಿಂದ ಸುಮಾರು 25 ಕಿ.ಮೀ. ಒಳಗೆ. 3 ಜಿಲ್ಲಾ ಮಟ್ಟ, 4 ಪ್ರಾಂತ್ಯ, 6 ಅಂದರೆ ದೇಶ ಮಾತ್ರ ಗೊತ್ತು. ಜನ ಎಡವೋದೇ ಇಲ್ಲಿ. "ಜಿಲ್ಲೆಯ ಹಲವೆಡೆ ಘರ್ಷಣೆ, ಇಷ್ಟು ಸಾವು" ಅಂತ ಬಂದ ಸುದ್ದಿಯನ್ನು ಪೂರ್ತಿ ಒಂದೇ ಬಿಂದುವಿಗೆ ಕಟ್ಟಿರ್ತಾರೆ. ಅದರ ಮೇಲೆ ನೀನು "ರಸ್ತೆಯಿಂದ ದೂರ" ಅಳೆದರೆ, ಅಳೆದಿದ್ದು ಆ ಬಿಂದು ರಸ್ತೆಯಿಂದ ಎಷ್ಟು ದೂರ ಅನ್ನೋದನ್ನಷ್ಟೇ.

ನಾನು ಸೂಚಿಸೋ ಕ್ರಮ ಇದು. ಹಳ್ಳಿ ಮಟ್ಟದ ವಿಶ್ಲೇಷಣೆಗೆ 1 ಮತ್ತು 2 ಮಾತ್ರ ಉಳಿಸ್ಕೋ, ಜಿಲ್ಲಾ ಮಟ್ಟಕ್ಕೆ 3ರವರೆಗೆ. ಎಷ್ಟು ಸಾಲು ಬಿಟ್ಟೆ ಅಂತ ಜಿಲ್ಲಾವಾರು ಬರೆದಿಡು, ಒಂದೇ ಜಿಲ್ಲೆಯಲ್ಲಿ ಹೆಚ್ಚು ಬಿಟ್ಟಿದ್ದರೆ ಅದೇ ಒಂದು ಸುಳಿವು. ಹಿಂಸೆಯ ಬಗೆಯನ್ನು ಬೇರ್ಪಡಿಸು: 1 ಸರ್ಕಾರ-ಬಂಡುಕೋರರ ಕಾಳಗ, 2 ಸರ್ಕಾರ ಸೇರದ ಗುಂಪುಗಳ ಕಾಳಗ, 3 ನಿರಾಯುಧರ ಮೇಲಿನ ಏಕಪಕ್ಷೀಯ ಹತ್ಯೆ. 1 ಮತ್ತು 3 ಎಷ್ಟೋ ಸಲ ಒಂದೇ ಜಾಗದಲ್ಲಿ ಆಗಲ್ಲ, ಕೂಡಿಸಿದರೆ ಎರಡೂ ಮಸುಕಾಗುತ್ತೆ. ಆಮೇಲೆ ಜನಸಂಖ್ಯೆಯಿಂದ ಭಾಗಿಸು, ಆದರೆ ಯುದ್ಧಕ್ಕೆ ಮುಂಚಿನ ಜನಗಣತಿಯಿಂದ, ಅಂದರೆ ನಿನಗೆ 1991ರದ್ದು. ನಡುವಿನ ಜನಸಂಖ್ಯೆ ಹಾಕಿದರೆ ಜನ ಓಡಿಹೋದ ಊರಲ್ಲಿ ದರ ಸುಳ್ಳೇ ಏರುತ್ತೆ.

ಜಿಲ್ಲೆ ಬದಲು ನಕ್ಷೆಯನ್ನು ಸಮ ಚೌಕಗಳಾಗಿ ಕತ್ತರಿಸಿ ಮಾಡೋದಾದರೆ ಸಾಮಾನ್ಯ ಅಳತೆ ಅರ್ಧ ಡಿಗ್ರಿ, ಸಮಭಾಜಕದ ಹತ್ತಿರ ಬದಿಗೆ ಸುಮಾರು 55 ಕಿ.ಮೀ. ನೇಪಾಳದಲ್ಲಿ ಇದು ತೀರಾ ದೊಡ್ಡದು, ಒಂದೇ ಚೌಕದಲ್ಲಿ ಕಣಿವೆಯೂ ಹಿಮಶಿಖರವೂ ಬಂದುಬಿಡುತ್ತೆ. ಚೌಕದ ಜಾಲವನ್ನು ಕಾಲು ಡಿಗ್ರಿ ಸರಿಸಿ ಇನ್ನೊಮ್ಮೆ ಓಡಿಸು. ಫಲಿತಾಂಶ ತಲೆಕೆಳಗಾದರೆ ಅದು ಚೌಕದ ಆಟ, ಹಿಂಸೆಯದಲ್ಲ.

ಗುರುರಾಜ, ಪಿಂಪ್ರಿ (ಪುಣೆ)

ರೇಖಾ ಅಕ್ಕಾರು ಹೇಳಿದ್ದು ಖರೆ. ಅದಕ್ಕ ಒಂದು ಸೇರಿಸತೀನ್ರಿ: ದೂರ ಅಳಿಯೂದಾದ್ರ ಕಿಲೋಮೀಟರಿನ್ಯಾಗ ಅಳೀಬ್ಯಾಡ್ರಿ, ತಾಸಿನ್ಯಾಗ ಅಳೀರಿ. ಅದೂ ಬ್ಯಾಸಗಿಗೊಂದು, ಮಳಿಗಾಲಕ್ಕೊಂದು.

ನಮ್ಮ ಮಹಾರಾಷ್ಟ್ರದ ಗಡಚಿರೋಲಿನ ನೋಡ್ರಿ. 14,412 ಚದರ ಕಿ.ಮೀ. ಜಿಲ್ಲಾ, ನಿಮ್ಮ ಅರ್ಧ ಡಿಗ್ರಿ ಚೌಕದ ಲೆಕ್ಕದಾಗ ಬರೇ ಐದು ಚೌಕದಷ್ಟು ಜಾಗ. ಆದ್ರ ಒಳಗಿನ ಫರಕು ಎಷ್ಟದ ಅಂದ್ರ, ಮಳಿಗಾಲದಾಗ ಪರ್ಲಕೋಟಾ ನದಿ ಸೇತುವಿ ಮ್ಯಾಲ ಬಂತಂದ್ರ ಭಾಮರಾಗಡಕ್ಕ ಸಂಪರ್ಕನ ತಪ್ಪತದ. ಪೊಲೀಸರೂ ಹೋಗತಿರಲಿಲ್ಲ, ದಳಂನವರೂ (ಮಾವೋವಾದಿಗಳ ಬಂದೂಕಿನ ತಂಡ) ಓಡ್ಯಾಡತಿರಲಿಲ್ಲ. ಮಾವೋವಾದಿಗಳು ತಮ್ಮ ದಾಳಿ ಅಭಿಯಾನ ಇಟ್ಕೊಳ್ತಿದ್ದದ್ದು ಫೆಬ್ರುವರಿ-ಮಾರ್ಚಿನಿಂದ ಜೂನ್ ತನಕ. ಎಲಿ ಉದರಿ ಕಾಡು ತೆರವಾಗಿರತದ, ಹಳ್ಳ ಬತ್ತಿರತಾವ, ಮ್ಯಾಲ ತೆಂದು (ಬೀಡಿ) ಎಲಿ ಸುಗ್ಗಿ, ಗುತ್ತೇದಾರರ ಕಡಿಂದ ವಸೂಲಿ ಮಾಡೂ ಕಾಲ. ವರ್ಷದ ಒಟ್ಟು ಲೆಕ್ಕ ಹಾಕಿದ್ರ ಇದೆಲ್ಲಾ ಮುಚ್ಚಿಹೋಗತದ.

ಇನ್ನ ರಸ್ತಾದ ಮಾತು. 2019ರ ಮೇ 1ಕ್ಕ ಕುರ್ಖೇಡಾ ತಾಲೂಕಿನ್ಯಾಗ ಮೊದಲ ರಸ್ತಾ ಕಾಮಗಾರಿ ವಾಹನಕ್ಕ ಬೆಂಕಿ ಇಟ್ರು. ಅದನ್ನ ನೋಡಾಕ ಖಾಸಗಿ ಗಾಡ್ಯಾಗ ಹೊಂಟಿದ್ದ ಪೊಲೀಸರನ್ನ ಜಾಂಭುಳಖೇಡಾ ಹತ್ರ ನೆಲಬಾಂಬ್ ಸ್ಫೋಟದಾಗ ಉಡಾಯಿಸಿದ್ರು. 15 ಪೊಲೀಸರು, ಒಬ್ಬ ಡ್ರೈವರ. ಘಟನಾದ ಚುಕ್ಕಿ ಕಾಡಿನ ನಡುವ ಅಲ್ಲ, ರಸ್ತಾ ಮ್ಯಾಲ ಬೀಳತದ. ಯಾಕಂದ್ರ ಬಲಿ ಬೀಳೂ ಜಾಗ ಬಲಿ ಬರೂ ದಾರಿ ಮ್ಯಾಲ ಇರಬೇಕಲ್ಲ. ಡಾಂಬರ ಅಗದ್ರ ಗುರುತು ಉಳೀತದಂತ ಬಾಂಬನ್ನ ಮೋರಿ, ಸಣ್ಣ ಸೇತುವಿ ಕೆಳಗ ಇಡತಿದ್ರು.

ರಾವ್ ಸರ್ ಅಂದ ಐದನೇ ವಲಯಕ್ಕ ಛತ್ತೀಸಗಡದ ಅಬೂಜ್‌ಮಾಡ್ ಕಾಡು ಛಲೋ ಉದಾಹರಣಿ. ಭಾಳ ವರ್ಷ ಒಳಗ ಕಾಳಗನ ಕಡಿಮಿ, ಎಲ್ಲಾ ಅಂಚಿನ ಮ್ಯಾಲ. ಒಳಗಿನವ್ರು ಪ್ರೀತಿಯಿಂದ ಇದ್ರು ಅಂತಲ್ಲ, ಎದುರಿನವ್ರು ಒಳಗ ಕಾಲಿಡತಿರಲಿಲ್ಲ. ಪಡೆಗಳು ಒಳಗ ನುಗ್ಗಿದ ಮ್ಯಾಲ, 2024ರ ಅಕ್ಟೋಬರ್ 4ಕ್ಕ ನಾರಾಯಣಪುರ-ದಾಂತೇವಾಡ ಗಡಿಯಾಗ ನಡೆದ ಒಂದ ಕಾಳಗದಾಗ 31 ಹೆಣ ಸಿಕ್ವು.

ಸ್ವಾತಿ

ಗುರುರಾಜ್ ಸರ್, ಹಾಗಾದರೆ ಮನಂಗ್ ಬಿಳಿ ಇರೋದಕ್ಕೂ ಇದೇ ಕಾರಣನಾ? ಎರಡೂ ಕಡೆಯವರಿಗೆ ಅಲ್ಲಿ ಕೆಲಸವಿಲ್ಲ ಅಂತ?

ವಿ.ಕೆ. ರಾವ್

ಬಹುಮಟ್ಟಿಗೆ ಹೌದು. ಬೆಟ್ಟ ಆಶ್ರಯ ಕೊಡುತ್ತದೆ, ಅನ್ನ ಕೊಡುವುದಿಲ್ಲ. ದಳಕ್ಕೆ ದಿನಕ್ಕೆರಡು ಊಟ, ಹೊರೆಯಾಳು, ಹೊಸಬರು ಬೇಕು. ಇವೆಲ್ಲ ಜನವಸತಿ ಇರುವ ಮಧ್ಯಮ ಎತ್ತರದ ಗುಡ್ಡಗಳಲ್ಲಿ ಸಿಗುತ್ತವೆ. ಹತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಮನಂಗ್‌ನಲ್ಲಿ ಸಿಗುವುದಿಲ್ಲ. "ಬೆಟ್ಟದ ಶೇಕಡಾವಾರು" ಎಂಬ ಒಂದೇ ಅಂಕಿ ರೋಲ್ಪಾವನ್ನೂ ಮನಂಗನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ.

ಶೇಖರ್ ಶೆಟ್ಟಿ, ಫೋರ್ಟ್ (ಮುಂಬಯಿ)

ನಕ್ಷೆ ನೋಡುವಾಗ ಊರಿಗಿಂತ ಮೊದಲು ದಾರಿ ನೋಡ್ಬೇಕು ಮಾರಾಯ್ರೆ. ವಿಮೆಯವರು, ಸರಕು ಸಾಗಿಸುವವರು ಹಾಗೆಯೇ ನೋಡುದು.

ಸಿರಿಯಾದಲ್ಲಿ ಸರಾಕಿಬ್ ಅಂತ ಒಂದು ಊರು ಉಂಟು. ದಮಾಸ್ಕಸ್-ಅಲೆಪ್ಪೊ ಹೆದ್ದಾರಿ ಎಂ5, ಲತಾಕಿಯಾ ಕಡೆಯಿಂದ ಬರುವ ಎಂ4, ಎರಡೂ ಸೇರುದು ಅಲ್ಲಿ. 2020ರ ಫೆಬ್ರವರಿ-ಮಾರ್ಚಲ್ಲಿ ಆ ಊರು ಕೈಯಿಂದ ಕೈಗೆ ಹೋಯಿತು. ಅದಕ್ಕೂ ಮೊದಲು ಎಂ5 ಕಡಿದಿದ್ದ ವರ್ಷಗಳಲ್ಲಿ ಸರ್ಕಾರದ ಕೈಯಲ್ಲಿದ್ದ ಅಲೆಪ್ಪೊಗೆ ಸಾಮಾನು ಹೋಗ್ತಾ ಇದ್ದದ್ದು ಖನಾಸಿರ್ ಎಂಬ ಬಯಲಿನ ಒಂಟಿ ರಸ್ತೆಯಲ್ಲಿ. ಅಲ್ಲಿ ಜನವೂ ಕಡಿಮೆ, ಬೆಳೆಯೂ ಕಡಿಮೆ, ಆದರೂ ಮತ್ತೆ ಮತ್ತೆ ಕಾಳಗ. ಜನಸಂಖ್ಯೆ, ಬಡತನ, ಮತಧರ್ಮ ಯಾವುದನ್ನು ಹಾಕಿದರೂ ಖನಾಸಿರ್ ಸಿಗ್ಲಿಕ್ಕಿಲ್ಲ.

ನೀರು ಕೂಡ ದಾರಿಯೇ. ಶ್ರೀಲಂಕಾದ ಎಲಿಫೆಂಟ್ ಪಾಸ್ ಶಿಬಿರವನ್ನು ಮುರೀಲಿಕ್ಕೆ ಆಗುದಿಲ್ಲ ಅಂತ ಎಲ್ಲರೂ ಹೇಳ್ತಿದ್ರು. ಸುತ್ತ ಉಪ್ಪುನೀರು, ಕುಡಿಯುವ ನೀರು ಬರ್ತಾ ಇದ್ದದ್ದು ಇಯಕಚ್ಚಿಯ ಬಾವಿಗಳಿಂದ. 2000ದ ಏಪ್ರಿಲಲ್ಲಿ ಎಲ್‌ಟಿಟಿಇ ಇಯಕಚ್ಚಿಯನ್ನು ಹಿಡಿದದ್ದೇ, ಬಾಯಾರಿದ ಸೈನ್ಯ ಶಿಬಿರ ಬಿಟ್ಟು ಹಿಂದೆ ಸರಿಯಿತು.

ಮತ್ತೊಂದು, ಮಾಲಿನ ತೂಕ. ಇದು ನನಗೆ ಭಾರೀ ಇಷ್ಟದ ವಿಷಯ. ಪೂರ್ವ ಕಾಂಗೋದಲ್ಲಿ 2000ದಲ್ಲಿ ಕೋಲ್ಟನ್ ಅದಿರಿನ ಬೆಲೆ ಆಕಾಶಕ್ಕೆ ಹೋಯಿತು, ಎಲೆಕ್ಟ್ರಾನಿಕ್ಸಿನವರಿಗೆ ಅದರಿಂದ ಸಿಗುವ ಟ್ಯಾಂಟಲಂ ಲೋಹ ಬೇಕಿತ್ತು. ಕೋಲ್ಟನ್ ಅಂದರೆ ಮೂಟೆಗಟ್ಟಲೆ ಭಾರ, ಅಡಗಿಸ್ಲಿಕ್ಕೆ ಆಗುದಿಲ್ಲ. ಹಾಗಾಗಿ ಬಂದೂಕಿನವರು ಗಣಿಯ ಬಾಯಲ್ಲೇ ಕೂತು ಸುಂಕ ಎತ್ತಿದರು, ಆ ಗಣಿ ಹಿಡೀಲಿಕ್ಕೆ ಹೊಡೆದಾಡಿದರು. ಚಿನ್ನ ಹಾಗಲ್ಲ, ಗ್ರಾಂ ಲೆಕ್ಕದಲ್ಲಿ ಬಾಯೊಳಗೆ ಇಟ್ಕೊಂಡು ಹೋಗಬಹುದು. ಚಿನ್ನದ ಬೆಲೆ ಏರಿದಾಗ ಅವರು ಗಣಿ ಬಿಟ್ಟು, ಚಿನ್ನದ ದುಡ್ಡು ಖರ್ಚಾಗುವ ಹಳ್ಳಿಯಲ್ಲಿ ಸುಂಕ ಹಾಕಿದರು. ಅದೇ ನಾಡು, ಅದೇ ಬಂದೂಕು, ಜಾಗ ಮಾತ್ರ ಬೇರೆ. "ಖನಿಜ ಉಂಟು, ಹಾಗಾಗಿ ಹಿಂಸೆ" ಅಂತ ಬರೆದರೆ ಇದು ತಪ್ಪಿಹೋಗ್ತದೆ.

ವಜ್ರದ ಕತೆಯೂ ಹೀಗೆಯೇ. ಸಿಯೆರಾ ಲಿಯೋನ್‌ನ ಕೊನೊದಲ್ಲಿ ವಜ್ರ ಹೊಳೆಮಣ್ಣಲ್ಲಿ ಉಂಟು, ಸಲಿಕೆ ಜರಡಿ ಇದ್ದರೆ ಸಾಕು, ಯಾರು ಬಂದೂಕು ತಂದರೂ ಅವರದ್ದು. ಬೋಟ್ಸ್ವಾನಾದಲ್ಲಿ ಅದು ಬಂಡೆಯ ಆಳದಲ್ಲಿ, ದೊಡ್ಡ ಕಂಪನಿ, ದೊಡ್ಡ ಯಂತ್ರ ಬೇಕು.

ಹಣಮಂತ, ವಾಸ್ಕೊ (ಗೋವಾ)

ಶೆಟ್ರ, ದಾರಿ ಅಂದಕೂಡ್ಲೆ ಮೊಜಾಂಬಿಕ್ ಬರಬೇಕಿತ್ತು. ಗೋವಾದಾಗ ಮೊಜಾಂಬಿಕ್ ನಂಟಿಲ್ಲದ ಹಳೇ ಮನಿ ಹುಡುಕೂದು ಕಷ್ಟ.

ಅಲ್ಲಿ ಸರ್ಕಾರದ ಮ್ಯಾಲ ರೆನಾಮೊ ಬಂಡುಕೋರರ ಯುದ್ಧ (1977–1992) ನಡೆದಾಗ ಬೇರಾ ಬಂದರದಿಂದ ಜಿಂಬಾಬ್ವೆ ಗಡಿತನಕ ಸುಮಾರು 300 ಕಿ.ಮೀ. ರೈಲು, ರಸ್ತಾ, ತೈಲದ ಪೈಪು, ಮೂರೂ ಒಂದ ಪಟ್ಟಿಯಾಗ. ಜಿಂಬಾಬ್ವೆದ್ದು ಸಮುದ್ರಕ್ಕ ಹೋಗೂ ಹತ್ರದ ದಾರಿ ಅದು, ಅದಕ್ಕ ಅದರ ಸೈನ್ಯಾನ ಬಂದು ಕಾವಲಿತ್ತು. ದಾಳಿ ಪೈಪಿನ ಮ್ಯಾಲ, ಹಳಿ ಮ್ಯಾಲ.

ಆದ್ರ ನಿಮ್ಮ ಪ್ರಶ್ನೆಗೆ ಹತ್ತೂದು 1988ರ ಗೆರ್ಸೋನಿ ವರದಿ, ಅಮೆರಿಕಾ ವಿದೇಶಾಂಗ ಇಲಾಖೆಗೆ ಕೊಟ್ಟಿದ್ದು. ನಿರಾಶ್ರಿತರನ್ನ ಕೇಳಿ ರೆನಾಮೊ ಜಾಗಾನ ಮೂರು ಪಾಲು ಮಾಡಿದ್ರು. ಒಂದು ವಸೂಲಿ ಪ್ರದೇಶ: ಮನಿಗಳು ಚದರಿದ್ದು, ಜನ ಆಗಾಗ ಧಾನ್ಯ ಕೊಟ್ಟು ಬದುಕತಿದ್ರು. ಎರಡನೇದು ಹಿಡಿತದ ಪ್ರದೇಶ: ಬಿಟ್ಟಿ ದುಡಿತ, ಹೊರಿ ಹೊರೂದು, ಓಡಿದ್ರ ಸಾವು. ಮೂರನೇದು ನಾಶದ ಪ್ರದೇಶ: ಸರ್ಕಾರಿ ಊರು, ಅಲ್ಲಿ ಊರಿಗೂರ ಸುಟ್ಟು ಖಾಲಿ. ಅದ ಸಂಘಟನಿ, ಬಹುಶಃ ಅದ ಮಂದಿ, ನಡತಿ ಮಾತ್ರ ಜಾಗಕ್ಕ ತಕ್ಕಂಗ. ರಾವ್ ಸರ್ ವಲಯದ ಲೆಕ್ಕಕ್ಕ ಇದು ಕೂಡತದ, ಆದ್ರ ಪೂರ್ತಿ ಅಲ್ಲ. ಎರಡನೇ ಪಾಲು ಅವರ ಪೂರ್ಣ ಹಿಡಿತದ್ದು, ಆ ಸಿದ್ಧಾಂತದ ಪ್ರಕಾರ ಶಾಂತ ಇರಬೇಕು. ಇರಲಿಲ್ಲ. ಯಾಕಂದ್ರ ಅಲ್ಲಿ ಹಿಂಸೆ ಮಾಹಿತಿಗಲ್ಲ, ದುಡಿಸಿಕೊಳ್ಳಾಕ.

ಶೇಖರ್ ಶೆಟ್ಟಿ

ಹಣಮಂತ್ರೇ, ಈಗಿನ ಮೊಜಾಂಬಿಕನ್ನೂ ಸೇರಿಸಿ. ಅಲ್ಲಿನ ಉತ್ತರ ತುದಿಯ ಕಾಬೊ ಡೆಲ್ಗಾಡೊ ಪ್ರಾಂತ್ಯದಲ್ಲಿ ದಂಗೆ ಶುರುವಾದದ್ದು 2017ರ ಅಕ್ಟೋಬರಲ್ಲಿ, ಮೊಸಿಂಬೊವಾ ದ ಪ್ರಾಯಾದಲ್ಲಿ. ಗ್ಯಾಸ್ ಯೋಜನೆ ಇರುವ ಅಫುಂಗಿಯ ಪಕ್ಕದ ಪಾಲ್ಮಾ ಮೇಲೆ ದೊಡ್ಡ ದಾಳಿ ಆದದ್ದು 2021ರ ಮಾರ್ಚಲ್ಲಿ, ಅಂದರೆ ಮೂರೂವರೆ ವರ್ಷ ತಡವಾಗಿ. ಅಷ್ಟರವರೆಗೆ ಸತ್ತದ್ದು ಹೆಚ್ಚಾಗಿ ಕರಾವಳಿಯ, ರಸ್ತೆ ಬದಿಯ ಹಳ್ಳಿಯವರು. ಆ ಯೋಜನೆಯಲ್ಲಿ ನಮ್ಮ ಸರ್ಕಾರಿ ತೈಲ ಕಂಪನಿಗಳ ಪಾಲು ಶೇ. 30 ಉಂಟು, ಹಾಗಾಗಿ ಮುಂಬಯಿಯಲ್ಲಿ ಪಾಲ್ಮಾ ದೊಡ್ಡ ಸುದ್ದಿ ಆಯಿತು, ಅದಕ್ಕೆ ಮೊದಲಿನ ಹಳ್ಳಿಗಳು ಆಗ್ಲಿಲ್ಲ.

ಮೀನಾ, ಮಡಗಾಂವ್ (ಗೋವಾ)

ಎಲ್ಲರೂ ರಸ್ತೆ, ಗಣಿ, ಚೌಕ ಅಂತಿದ್ದೀರಿ. ನೆರೆಯವನನ್ನು ನೆರೆಯವನು ಕೊಂದ ಯುದ್ಧಗಳಲ್ಲಿ ಜಾತಿ, ಪಕ್ಷ, ಧರ್ಮದ ದ್ವೇಷಕ್ಕೆ ಜಾಗವೇ ಇಲ್ಲವೇ?

ವಿ.ಕೆ. ರಾವ್

ಇದೆ, ಆದರೆ ದ್ವೇಷ ಎಲ್ಲ ಕಡೆ ಇದ್ದು ಕೊಲೆ ಕೆಲವು ಕಡೆ ಮಾತ್ರ ಆಗುವಾಗ, ದ್ವೇಷವೊಂದೇ ಉತ್ತರವಾಗಲಾರದು.

ನಿಮ್ಮ ಪರ ನಿಲ್ಲುವ ಒಳ್ಳೆಯ ಸಾಕ್ಷ್ಯ ಸ್ಪೇನಿನದು. ಅಲ್ಲಿ 1936–39ರದ್ದು ರಣರೇಖೆ ಇದ್ದ ಯುದ್ಧ. ಊರು ಪೂರ್ತಿ ಈ ಕಡೆಗೋ ಆ ಕಡೆಗೋ ಇತ್ತು, ಹಾಗಾಗಿ ಐದು ವಲಯದ ಲೆಕ್ಕ ನಡೆಯದು. ಕ್ಯಾಟಲೋನಿಯಾದ ಪುರಸಭೆಗಳನ್ನು ನೋಡಿದಾಗ, 1936ರ ಫೆಬ್ರವರಿ ಚುನಾವಣೆಯಲ್ಲಿ ಎಡ-ಬಲ ಸಮಸಮ ಇದ್ದ ಊರುಗಳಲ್ಲೇ, ರಣರೇಖೆಯ ಹಿಂದೆ ಎಡದವರು ಮಾಡಿದ ಕೊಲೆಗಳು ಹೆಚ್ಚು ಎಂದು ಲೈಯಾ ಬಾಲ್ಸೆಲ್ಸ್ ತೋರಿಸಿದರು. ಎದುರಾಳಿಗಳಲ್ಲಿ ಕೆಲವರನ್ನು ತೆಗೆದರೆ ಊರಿನ ಬಲಾಬಲವೇ ತಿರುಗುತ್ತದೆ, ಪಟ್ಟಿ ಕೊಡಲು ಸ್ಥಳೀಯರೂ ಸಿದ್ಧ. ಮುಂದೆ ಬಲಪಂಥೀಯ ಫ್ರಾಂಕೊ ಪಡೆ ಬಂದಾಗ ಲೆಕ್ಕ ಬೇರೆ: ಮೊದಲ ಸುತ್ತಿನಲ್ಲಿ ಎಡದವರು ಎಲ್ಲಿ ಹೆಚ್ಚು ಕೊಂದಿದ್ದರೋ ಅಲ್ಲಿ ಸೇಡೂ ಹೆಚ್ಚು.

ಬೋಸ್ನಿಯಾದಲ್ಲಿ 1992ರ ವಸಂತದಲ್ಲಿ ಡ್ರಿನಾ ಕಣಿವೆಯ ಬಿಯೆಲಿನಾ, ಜ್ವೋರ್ನಿಕ್, ವಿಶೆಗ್ರಾಡ್, ಫೋಚಾ ಸಾಲಾಗಿ ಸರ್ಬ್ ಪಡೆಗಳ ಕೈಗೆ ಹೋದವು. ಸರ್ಬಿಯಾಕ್ಕೂ ತಮಗೂ ನಡುವೆ ಡ್ರಿನಾ ನದಿ ಗಡಿಯಾಗಿ ಉಳಿಯಬಾರದು, ಉತ್ತರದಲ್ಲಿ ಓಣಿಯೊಂದು ಬೇಕು ಎಂಬುದು ಮೇ 12ರಂದು ಬೋಸ್ನಿಯನ್ ಸರ್ಬ್ ಸಭೆ ಒಪ್ಪಿದ ಆರು ಗುರಿಗಳಲ್ಲೇ ಇತ್ತು. ದ್ವೇಷ ಬಳಕೆಯಾಯಿತು, ಆದರೆ ಜಾಗ ಆರಿಸಿದ್ದು ನಕ್ಷೆ. ಅದೇ ದೇಶದ ತುಜ್ಲಾದಲ್ಲಿ ಜನ ಅಷ್ಟೇ ಬೆರೆತಿದ್ದರೂ ರಾಷ್ಟ್ರೀಯವಾದಿಯಲ್ಲದ ನಗರಾಡಳಿತ ಉಳಿದುಕೊಂಡಿತು. ಊರೊಳಗಿನ ನೆರೆಹೊರೆ ಕೊಲೆ ಅಲ್ಲಿ ಆಗಲಿಲ್ಲ, ಹೊರಗಿನ ಶೆಲ್ ಬಂತು: 1995ರ ಮೇ 25ರಂದು 71 ಜನ.

ಸ್ಥಳೀಯ ಅಧಿಕಾರಿಯೊಬ್ಬನ ತೂಕ ತಿಳಿಯಲು ರುವಾಂಡಾದ ಬುತಾರೆ ನೋಡಿ. 1994ರ ಏಪ್ರಿಲ್ 7ರಿಂದ ಟುಟ್ಸಿ ಜನಾಂಗದವರ ಹತ್ಯೆಯಲ್ಲಿ ದೇಶ ಉರಿಯುತ್ತಿದ್ದಾಗ ಅಲ್ಲಿನ ಪ್ರಿಫೆಕ್ಟ್ (ಪ್ರಾಂತ್ಯದ ಆಡಳಿತಾಧಿಕಾರಿ), ತಾವೂ ಟುಟ್ಸಿಯಾಗಿದ್ದ ಜಾನ್-ಬಾಪ್ಟಿಸ್ಟ್ ಹಬ್ಯಾಲಿಮಾನಾ, ಬಹುಮಟ್ಟಿಗೆ ತಡೆ ಹಿಡಿದಿದ್ದರು. 17ರಂದು ಅವರನ್ನು ವಜಾ ಮಾಡಿದರು, 19ರಂದು ಮಧ್ಯಂತರ ಅಧ್ಯಕ್ಷ ಬಂದು ಭಾಷಣ ಮಾಡಿದ. ಸಾಮೂಹಿಕ ಕೊಲೆ ಶುರುವಾಯಿತು. ಆ ಹತ್ತು ಹನ್ನೆರಡು ದಿನಗಳಲ್ಲಿ ಜನರ ಮನಸ್ಸು ಬದಲಾಗಿರಲಿಲ್ಲ, ಆದೇಶ ಬದಲಾಗಿತ್ತು.

ರೇಖಾ

ರಾವ್ ಸರ್, ಕುರುಡು ಹಿಂಸೆ (ಯಾರು ಎತ್ತ ಅಂತ ನೋಡದೆ ಊರಿಗೇ ಬಾಂಬು, ಶೆಲ್ಲು ಹಾಕೋದು) ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. 1969ರ ವಿಯೆಟ್ನಾಂ ಹಳ್ಳಿಗಳ ಡೇಟಾದಲ್ಲಿ, ಅಮೆರಿಕದ ಬಾಂಬು ಬಿದ್ದ ಹಳ್ಳಿಗಳು ಆಮೇಲೆ ವಿಯೆಟ್ ಕಾಂಗ್ ಬಂಡುಕೋರರ ಕಡೆ ವಾಲಿದವು. ಚೆಚೆನ್ಯಾದಲ್ಲಿ ರಷ್ಯಾದ ಶೆಲ್ ಬಿದ್ದ ಹಳ್ಳಿಗಳಿಂದ ಆಮೇಲಿನ ದಾಳಿ ಕಡಿಮೆಯಾಯ್ತು. ಎರಡನ್ನೂ ಓದದೆ "ಬಾಂಬ್ ಹಾಕಿದರೆ ಹಿಂಸೆ ಹೆಚ್ಚುತ್ತೆ" ಅಂತ ಒಂದೇ ಸಾಲಲ್ಲಿ ಬರೀಬೇಡ, ಸ್ವಾತಿ. ವಿಯೆಟ್ನಾಂನವರು ಅಳೆದದ್ದು ಹಿಡಿತವನ್ನು, ಚೆಚೆನ್ಯಾದವರು ಅಳೆದದ್ದು ದಾಳಿಗಳನ್ನು. ದಾಳಿ ನಿಂತಿದೆ ಅಂದರೆ ಸೋತರು ಅಂತಲೂ ಆಗಬಹುದು, ಪೂರ್ತಿ ಗೆದ್ದು ಕೂತರು ಅಂತಲೂ ಆಗಬಹುದು.

ವರದಿಯಾಗದ ಸಾವಿನ ಪ್ರಮಾಣ ತಿಳೀಬೇಕಾದರೆ ಪೆರುವಿನ ಅಂತರ್ಯುದ್ಧ ನೋಡು. 2003ರ ಸತ್ಯ ಆಯೋಗ ಬೇರೆ ಬೇರೆ ಪಟ್ಟಿಗಳನ್ನು ಒಂದರ ಮೇಲೊಂದು ತಾಳೆ ಹಾಕಿ 69,280 ಸಾವು ಅಂತ ಅಂದಾಜಿಸಿತು. ಅದಕ್ಕೂ ಮುಂಚೆ ಓಡಾಡ್ತಿದ್ದ ಸಂಖ್ಯೆ ಅದರ ಅರ್ಧಕ್ಕಿಂತ ಕಡಿಮೆ. ದಾಖಲಾದ ಬಲಿಪಶುಗಳಲ್ಲಿ ಶೇ. 75ರಷ್ಟು ಜನ ಕೆಚುವಾ ಇಲ್ಲವೇ ಬೇರೆ ಮೂಲನಿವಾಸಿ ಭಾಷೆಯವರು, ಶೇ. 40ಕ್ಕೂ ಹೆಚ್ಚು ರಾಜಧಾನಿ ಲಿಮಾದಿಂದ ದೂರದ ಅಯಾಕುಚೊ ಪ್ರಾಂತ್ಯ ಒಂದರಲ್ಲೇ. ಆ ಅಂದಾಜಿನ ವಿಧಾನಕ್ಕೆ ಆಮೇಲೆ ಆಕ್ಷೇಪ ಬಂದಿದೆ, ಆದರೆ ಲಿಮಾದ ಪತ್ರಿಕೆಗಳಿಂದ ಮಾಡಿದ ನಕ್ಷೆ ಎಷ್ಟು ವಾಲಿರುತ್ತೆ ಅನ್ನೋದರಲ್ಲಿ ಜಗಳವಿಲ್ಲ.

ಸ್ವಾತಿ

ಸರಿ, ಕೊನೇ ಪ್ರಶ್ನೆ. ನೇಪಾಳದಲ್ಲಿ ತಿಂಗಳುವಾರು "ಹಿಡಿತ"ವನ್ನು ಯಾವುದರಿಂದ ಅಳೆಯಲಿ? ಸಾವಿನ ಲೆಕ್ಕದಿಂದಲೇ ಹಿಡಿತ ಊಹಿಸಿ, ಅದರಿಂದ ಸಾವನ್ನು ವಿವರಿಸಿದರೆ ಗೈಡ್ ಒಪ್ಪಲ್ಲ.

ವಿ.ಕೆ. ರಾವ್

ಒಪ್ಪಬಾರದು ಕೂಡ. ವಿಯೆಟ್ನಾಂನಲ್ಲಿ ಅಮೆರಿಕನ್ನರು 1967ರಿಂದ ಪ್ರತಿ ತಿಂಗಳು ಪ್ರತಿ ಹಳ್ಳಿಗೆ ಎ-ಯಿಂದ ಇ-ವರೆಗೆ, ಪೂರ್ತಿ ಶತ್ರುವಿನದಾದರೆ ವಿ ಎಂದು ದರ್ಜೆ ಕೊಡುತ್ತಿದ್ದರು. ದರ್ಜೆ ತುಂಬುವ ಅಮೆರಿಕನ್ ಸಲಹೆಗಾರ ಎಷ್ಟೋ ಹಳ್ಳಿಗಳಿಗೆ ಹೋಗಿಯೇ ಇರುತ್ತಿರಲಿಲ್ಲ, ಮೇಲಿನವರಿಗೆ ಪ್ರಗತಿ ಕಾಣಬೇಕಿತ್ತು, ದರ್ಜೆ ಉಬ್ಬಿತು. 1970ರಲ್ಲಿ ಪದ್ಧತಿ ಬದಲಿಸಿ, ಅಭಿಪ್ರಾಯದ ಬದಲು ನಡೆದ ಸಂಗತಿಯನ್ನು ಕೇಳಿ, ದರ್ಜೆಯನ್ನು ಕಂಪ್ಯೂಟರಿಗೆ ಬಿಟ್ಟರು. ನೀವೂ ಕೇಳಬೇಕಾದದ್ದು ಸಂಗತಿಯನ್ನೇ: ಪೊಲೀಸ್ ಚೌಕಿ ಯಾವ ತಿಂಗಳು ಮುಚ್ಚಿತು? ವಿಡಿಸಿ (ಗ್ರಾಮಾಭಿವೃದ್ಧಿ ಸಮಿತಿ, ಆಗಿನ ಗ್ರಾಮ ಮಟ್ಟದ ಆಡಳಿತ) ಕಾರ್ಯದರ್ಶಿ ಊರಲ್ಲಿ ಮಲಗುತ್ತಿದ್ದನೇ, ಜಿಲ್ಲಾ ಕೇಂದ್ರದಿಂದ ಓಡಾಡುತ್ತಿದ್ದನೇ? ಕಂದಾಯ ಯಾರಿಗೆ ಸಂದಾಯವಾಯಿತು? ಮಾವೋವಾದಿಗಳ ಜನನ್ಯಾಯಾಲಯ ಹಗಲಲ್ಲಿ ನಡೆಯುತ್ತಿತ್ತೋ ರಾತ್ರಿಯೋ?

ಗುರುರಾಜ

ವಿಡಿಸಿ 3,900ಕ್ಕೂ ಹೆಚ್ಚಿದ್ವು, ಎಲ್ಲಾ ಮಾಡಾಕ ಹೋಗಬ್ಯಾಡ್ರಿ ಸ್ವಾತಿ. ಬರ್ದಿಯಾ, ರೋಲ್ಪಾ, ಮ್ಯಾಲೊಂದು ತಣ್ಣಗಿನ ಜಿಲ್ಲಾ, ಮೂರು ಸಾಕು. ಶುರುವಿಗೆ ವಿಡಿಸಿ ಕಟ್ಟಡ ಸುಟ್ಟ ತಾರೀಖು ತಗೋರಿ. ಮಾವೋವಾದಿಗಳು ಎಷ್ಟೋ ಕಡೆ ಅವನ್ನ ಸುಟ್ರು, ಮುಂದ ಕಟ್ಟಸಾಕ ಬಜೆಟ್ ಬೇಕಾತು, ಅಂದಮ್ಯಾಲ ಸರ್ಕಾರಿ ಕಡತದಾಗ ಗುರುತು ಇರತದ.

ರೇಖಾ

ಒಳ್ಳೇ ಐಡಿಯಾ. ತಾರೀಖು ಖಚಿತ ಇಲ್ಲದ ಕಡೆ ತಿಂಗಳು ಖಾಲಿ ಬಿಡು, ನಡುವಿನ ದಿನ ಊಹಿಸಿ ತುಂಬಬೇಡ. ಆ ಮೂರನೇ ಜಿಲ್ಲೆಗೆ ಮನಂಗ್ ಬೇಡ, ಜನಸಂಖ್ಯೆ ತೀರಾ ಕಡಿಮೆ, ಹೋಲಿಕೆಗೆ ಬರಲ್ಲ. ತರಾಯಿಯಲ್ಲೇ, ಹೆದ್ದಾರಿ ಹಾದುಹೋಗೋ, ಸಾವು ಕಡಿಮೆ ಇರೋ ಒಂದನ್ನು ಆರಿಸು. ಆಗ ಬರ್ದಿಯಾದಲ್ಲಿ ರಸ್ತೆ ಕೆಲಸ ಮಾಡ್ತೋ, ಭೂವ್ಯಾಜ್ಯ ಕೆಲಸ ಮಾಡ್ತೋ ಅಂತ ಬೇರ್ಪಡಿಸಿ ನೋಡಬಹುದು.